ಚೀನೀ ಮದುವೆಯ ಮುಯ್ಯಿ: ಒಂದು ಡಾಲರ್ ಸೇರಿಸಬೇಕಾ?

ಪ್ರಶ್ನೆ: ಸಿಂಗಪುರದಲ್ಲಿ ಕೆಲಸ ಮಾಡುತ್ತಿದ್ದೇನೆ. ಆಫೀಸಿನ ಚೀನೀ ಗೆಳೆಯನೊಬ್ಬ ಮದುವೆಗೆ ಕರೆದಿದ್ದಾನೆ. ಅಲ್ಲಿ ದುಡ್ಡೇ ಕೊಡುತ್ತಾರಂತೆ. ನಮ್ಮಲ್ಲಿ 501, 1,001 ಕೊಡುವ ಹಾಗೆ 101 ಡಾಲರ್ ಕೊಡಬಹುದಾ?

ಉತ್ತರ: ದಯವಿಟ್ಟು ಆ ಒಂದು ಡಾಲರ್ ಸೇರಿಸಬೇಡಿ. ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು ಅಂತ ನಾವು ಒಂದು ರೂಪಾಯಿ ಕೂಡಿಸುತ್ತೇವೆ. ಚೀನೀಯರಲ್ಲಿ ಬೆಸ ಮೊತ್ತ ಕೊಡುವುದು ಸಾವಿನ ಮನೆಗೆ, ಅದೂ ಬಿಳಿ ಲಕೋಟೆಯಲ್ಲಿ. ದುಃಖ ಒಂದಕ್ಕೇ ನಿಲ್ಲಲಿ, ಅದರ ಹಿಂದೆ ಇನ್ನೊಂದು ಬರದಿರಲಿ ಅನ್ನುವ ಹಾರೈಕೆ ಅದು.

ಮದುವೆಯಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಎಲ್ಲವೂ ಜೋಡಿಯಾಗಿರಬೇಕು. ಮಂಟಪದಲ್ಲಿ, ಕರೆಯೋಲೆಯಲ್ಲಿ ಕಾಣುವ ಆ ಕೆಂಪು ಚಿಹ್ನೆ ಕೂಡ 'ಸಂತೋಷ' ಎಂಬ ಅಕ್ಷರವನ್ನು ಎರಡು ಸಲ ಪಕ್ಕಪಕ್ಕ ಬರೆದದ್ದೇ. ಹಾಗಾಗಿ ಕೆಂಪು ಲಕೋಟೆಯಲ್ಲಿ ಸಮ ಸಂಖ್ಯೆಯ ಮೊತ್ತ ಇಡಿ. ಸಿಂಗಪುರದಲ್ಲಿ ಆ ಲಕೋಟೆಗೆ ಅಂಗ್‌ಪಾವ್ ಅನ್ನುತ್ತಾರೆ.

ಸಮ ಸಂಖ್ಯೆಯಾದರೂ 4 ಮಾತ್ರ ಬೇಡ. ಅವರ ಭಾಷೆಯಲ್ಲಿ ಅದನ್ನು ಹೇಳಿದರೆ 'ಸಾವು' ಎಂದ ಹಾಗೆ ಕೇಳಿಸುತ್ತದೆ. 8 ಅಂದರೆ ಏಳಿಗೆ, ಸಿರಿ. ಅದಕ್ಕೇ 88, 128, 168, 188 ಇಂಥ ಮೊತ್ತಗಳು ಜಾಸ್ತಿ ಓಡಾಡುತ್ತವೆ.

ಒಂದು ಸೇರಿಸುವ ರೂಢಿ ಅವರಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಚೀನಾದಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುವಾಗ 10,001 ಯುವಾನ್ ಇಡುವುದುಂಟು. ಹತ್ತು ಸಾವಿರದಲ್ಲಿ ಒಬ್ಬಳನ್ನು ಆರಿಸಿಕೊಂಡೆವು ಎಂದು ಅದರರ್ಥ. ಎಷ್ಟು ಚೆಂದದ ಮಾತು ಅಲ್ವಾ! ಆದರೆ ಅದು ಬೀಗರ ನಡುವಿನ ವಿಷಯ, ಅತಿಥಿಗಳಿಗೆ ಸೇರಿದ್ದಲ್ಲ.

ಎಷ್ಟು ಕೊಡಬೇಕು? ಸಿಂಗಪುರದಲ್ಲಿ ಔತಣ ಸಾಮಾನ್ಯವಾಗಿ ಹೋಟೆಲಿನಲ್ಲಿ, ಮೇಜಿಗೆ 10 ಜನ. ಒಂದು ಊಟಕ್ಕೆ ಆ ಮನೆಯವರಿಗೆ ಎಷ್ಟು ಖರ್ಚಾಗುತ್ತದೆ ಎಂದು ಅಂದಾಜು ಮಾಡಿ, ಅದಕ್ಕೆ ಕಮ್ಮಿಯಾಗದಂತೆ ಕೊಡುತ್ತಾರೆ. ಮಧ್ಯಾಹ್ನದ ಊಟಕ್ಕಿಂತ ಶನಿವಾರ ರಾತ್ರಿಯದಕ್ಕೆ ಜಾಸ್ತಿ. ಹೆಂಡತಿಯನ್ನೂ ಕರೆದುಕೊಂಡು ಹೋದರೆ ಇಬ್ಬರ ಲೆಕ್ಕ ಹಿಡಿಯಿರಿ. ಅಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ. ನಿಮ್ಮ ಜೊತೆ ಹೊರಟ ಸಹೋದ್ಯೋಗಿಗಳನ್ನು ಸುಮ್ನೆ ಕೇಳಿಬಿಡಿ.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯಲು ಮರೆಯಬೇಡಿ. ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತವರ ಕೈಗೆ ಅದನ್ನು ಕೊಟ್ಟು ಒಳಗೆ ಹೋಗುವುದು ರೂಢಿ. ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ನಿಮ್ಮ ಮನೆಯ ಶುಭಕಾರ್ಯಕ್ಕೆ ಅವರು ಆ ಪಟ್ಟಿ ನೋಡಿಯೇ ಬರುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಿ ಪುಸ್ತಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಜೊತೆ ಏನಾದರೂ ವಸ್ತು ಕೊಡಬೇಕು ಅನ್ನಿಸಿದರೆ, ನಮ್ಮ ಮದುವೆಗಳಲ್ಲಿ ರಾಶಿ ಬೀಳುವ ಗೋಡೆ ಗಡಿಯಾರ ಮಾತ್ರ ಬೇಡ. ಗಡಿಯಾರ ಕೊಡುವುದು ಚೀನೀ ಭಾಷೆಯಲ್ಲಿ 'ಕೊನೆಗಾಲದಲ್ಲಿ ಬೀಳ್ಕೊಡುವುದು' ಎಂಬಂತೆ ಕೇಳಿಸುತ್ತದೆ. ಕೊಡೆಯೂ ಬೇಡ, ಅದು 'ಅಗಲುವುದು' ಎಂದಂತಾಗುತ್ತದೆ.

ಹೋಗಲು ಆಗದಿದ್ದರೂ ಲಕೋಟೆಯನ್ನು ಹೋಗುವವರ ಕೈಲಿ ಕಳಿಸಿ. ಆಗ ಊಟದ ಲೆಕ್ಕ ಹಿಡಿಯಬೇಕಿಲ್ಲ, ಮೊತ್ತ ಸ್ವಲ್ಪ ಕಮ್ಮಿಯಾದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.