ಹತ್ತನೇ ಒಂದು ಸೆಕೆಂಡಿನ ಆಟ

ಬ್ಯಾಸ್ಕೆಟ್‌ಬಾಲ್ ಅಂದರೆ ಸುಮ್ನೆ ಉದ್ದ ಇದ್ದವರ ಆಟ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಅಮೆರಿಕದ ಹಳೆಯ ಆಟಗಾರ ಜೋ ಲ್ಯಾಪ್ಚಿಕ್ ನೆನಪಾಗುತ್ತಾರೆ. 1900ರಲ್ಲಿ ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ ಹುಟ್ಟಿದವರು. ಆರಡಿ ಐದಿಂಚು ಎತ್ತರ. ಆ ಕಾಲಕ್ಕೆ ಅದು ಜನ ತಿರುಗಿ ನೋಡುವಂಥ ಎತ್ತರ. 1923ರಲ್ಲಿ ಒರಿಜಿನಲ್ ಸೆಲ್ಟಿಕ್ಸ್ ಸೇರಿದರು. ಊರೂರು ಸುತ್ತಿ, ದುಡ್ಡಿಗೆ ಆಡುತ್ತಿದ್ದ ತಂಡ ಅದು.

ಆಗ ಪ್ರತಿ ಬಾಸ್ಕೆಟ್ ಆದ ಮೇಲೂ ಅಂಗಳದ ನಡುವೆ ಜಂಪ್ ಬಾಲ್ ಇರುತ್ತಿತ್ತು. ರೆಫರಿ ಚೆಂಡನ್ನು ಮೇಲಕ್ಕೆ ಎಸೆಯಬೇಕು, ಎರಡೂ ತಂಡದ ಸೆಂಟರ್‌ಗಳು, ಅಂದರೆ ಸಾಮಾನ್ಯವಾಗಿ ತಂಡದ ಅತಿ ಎತ್ತರದ ಆಟಗಾರರು, ಅದಕ್ಕೆ ಜಿಗಿಯಬೇಕು. ನಿಮ್ಮ ಸೆಂಟರ್ ಚೆನ್ನಾಗಿದ್ದರೆ ಅಂಕ ಗಳಿಸಿದ ಮೇಲೂ ಚೆಂಡು ಮತ್ತೆ ನಿಮಗೇ! ಸೆಂಟರ್ ಆಗಿದ್ದ ಲ್ಯಾಪ್ಚಿಕ್ ಬೆಲೆ ಇದ್ದದ್ದೇ ಅಲ್ಲಿ.

ಒಳ್ಳೆ ಸೆಂಟರ್ ಗಾಳಿಯಲ್ಲಿ ತೇಲುತ್ತಾನೆ ಅಂತಾರೆ. ಯಾರೂ ತೇಲುವುದಿಲ್ಲ. ಒಂದು ನಿಂಬೆಹಣ್ಣನ್ನು ಮೇಲಕ್ಕೆ ಎಸೆದು ನೋಡಿ. ಕೈ ಬಿಟ್ಟಾಗ ಸರ್ರನೆ ಹೋಗುತ್ತದೆ, ತುದಿಯಲ್ಲಿ ತಡವರಿಸುತ್ತದೆ, ಆಮೇಲೆ ಕೆಳಗೆ. ಜೋಕಾಲಿಯೂ ಹಾಗೇ, ತುದಿ ಮುಟ್ಟುವಾಗ ನಿಧಾನ. ಪೆಡಲ್ ತುಳಿಯದೆ ದಿಬ್ಬ ಏರಿದ ಸೈಕಲ್ ಕೂಡ ಹಾಗೇ.

ಒಬ್ಬರು 60 ಸೆಂಟಿಮೀಟರ್ ಜಿಗಿದರು ಅನ್ನಿ. ನೆಲ ಬಿಟ್ಟು ಮತ್ತೆ ನೆಲ ಮುಟ್ಟುವ ತನಕ ಸುಮಾರು 0.7 ಸೆಕೆಂಡು. ಅದರಲ್ಲಿ 0.5 ಸೆಕೆಂಡು ಮೇಲಿನ 30 ಸೆಂಟಿಮೀಟರ್‌ನಲ್ಲೇ ಕಳೆಯುತ್ತದೆ. ಕೆಳಗಿನ 30 ಸೆಂಟಿಮೀಟರ್‌ಗೆ ಹತ್ತುವಾಗ, ಇಳಿಯುವಾಗ ಸೇರಿ ಬರೀ 0.2 ಸೆಕೆಂಡು. ತೇಲಿದ ಹಾಗೆ ಕಾಣುವುದು ಇದಕ್ಕೇ.

ಈಗ ನನಗೆ ತುಂಬ ಇಷ್ಟವಾದ ಲೆಕ್ಕ. ತುದಿ ಮುಟ್ಟುವ 0.1 ಸೆಕೆಂಡು ಮೊದಲು ನಿಮ್ಮ ಕೈ ಸುಮಾರು 5 ಸೆಂಟಿಮೀಟರ್ ಕೆಳಗಿರುತ್ತದೆ. 0.2 ಸೆಕೆಂಡು ಮೊದಲು? ಹತ್ತಲ್ಲ, 20 ಸೆಂಟಿಮೀಟರ್! ತಪ್ಪು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅಂದರೆ ಎದುರಾಳಿ ನಿಮಗಿಂತ 5 ಸೆಂಟಿಮೀಟರ್ ಉದ್ದ ಇದ್ದರೂ, ನಿಮ್ಮಷ್ಟೇ ಜಿಗಿದರೂ, ಅವರ ಗಳಿಗೆ 0.2 ಸೆಕೆಂಡು ತಪ್ಪಿದರೆ ಚೆಂಡು ನಿಮ್ಮದೇ. ಉದ್ದ ಬೇಕು ನಿಜ, ಆದರೆ ಅದರ ಬೆಲೆ ಇಷ್ಟೇ.

ಸೆಲ್ಟಿಕ್ಸ್ 1927 ಮತ್ತು 1928ರಲ್ಲಿ ಲೀಗ್ ಗೆದ್ದಿತು. ಆಮೇಲೆ ತಂಡ ಒಡೆಯಿತು. ಲ್ಯಾಪ್ಚಿಕ್ ಕ್ಲೀವ್‌ಲ್ಯಾಂಡ್‌ಗೆ ಹೋದರು, ಅಲ್ಲೂ ಎರಡು ಸಲ ಗೆದ್ದರು. ಕಪ್ಪು ಆಟಗಾರರ ರೆನ್ಸ್ ತಂಡದ ವಿರುದ್ಧ ಆಡುವಾಗ, ಅವರ ಸೆಂಟರ್ ಟಾರ್ಜನ್ ಕೂಪರ್‌ಗೆ ಕೈ ಕುಲುಕುವ ಬದಲು ಅಪ್ಪಿಕೊಳ್ಳುತ್ತಿದ್ದರು. ಎಲ್ಲರ ಕಣ್ಣೆದುರಿಗೇ. ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ವಿಷಯ ಅಲ್ವೇ ಅಲ್ಲ.

1936ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆದರು. ಮರುವರ್ಷವೇ ಪ್ರತಿ ಬಾಸ್ಕೆಟ್ ನಂತರದ ಜಂಪ್ ಬಾಲ್ ನಿಯಮ ಹೋಯಿತು! ಜೀವಮಾನವೆಲ್ಲ ಕಲಿತ ವಿದ್ಯೆ, ಹುಡುಗರಿಗೆ ಹೇಳಿಕೊಡುವ ಹೊತ್ತಿಗೆ ಆಟದಲ್ಲಿ ಅದಕ್ಕೆ ಹೆಚ್ಚು ಜಾಗ ಇಲ್ಲ. ಆದರೂ 1943, 1944ರಲ್ಲಿ ಕಾಲೇಜು ತಂಡಗಳ ದೊಡ್ಡ ಪಂದ್ಯಾವಳಿಯಾದ ಎನ್‌ಐಟಿಯ ಪ್ರಶಸ್ತಿ ಅವರ ತಂಡಕ್ಕೇ ಬಂತು. 1947ರಿಂದ ವೃತ್ತಿಪರ ತಂಡ ನ್ಯೂಯಾರ್ಕ್ ನಿಕ್ಸ್‌ಗೆ ಕೋಚ್. 1950ರಲ್ಲಿ ಆ ತಂಡಕ್ಕೆ ಕಪ್ಪು ಆಟಗಾರ ನ್ಯಾಟ್ ಕ್ಲಿಫ್ಟನ್ ಬಂದರು. 1951ರಿಂದ ಸತತ ಮೂರು ವರ್ಷ ವೃತ್ತಿಪರ ಲೀಗ್ ಎನ್‌ಬಿಎಯ ಫೈನಲ್ ತಲುಪಿದರು, ಮೂರೂ ಸಲ ಸೋತರು.

ಮತ್ತೆ ಸೇಂಟ್ ಜಾನ್ಸ್‌ಗೆ ಬಂದರು. 1965ಕ್ಕೆ ವಯಸ್ಸು 65ರ ಹತ್ತಿರ, ನಿವೃತ್ತಿ ಕಡ್ಡಾಯ. ಕೋಚ್ ಆಗಿ ಅವರ ಕೊನೆಯ ಪಂದ್ಯ ಎನ್‌ಐಟಿ ಫೈನಲ್. ಅದನ್ನು ಗೆದ್ದೇ ಮನೆಗೆ ಹೋದರು.