ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 92 ಬಂದಿದೆ, ರಿಪೋರ್ಟಲ್ಲಿ ಎಲ್ಲ ನಾರ್ಮಲ್, ಇನ್ನು ಅಪ್ಪ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸ್ಬಹುದಾ?

ಇಲ್ಲ, ದಯವಿಟ್ಟು ನಿಲ್ಲಿಸ್ಬೇಡಿ. ಪ್ರಶ್ನೆ ಕೇಳಿದ್ದು ಉಡುಪಿಯ ಒಬ್ರು, ಅವರ ಅಪ್ಪನಿಗೆ 52 ವರ್ಷ, ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ, ಈಗ ಅಟೋರ್ವಾಸ್ಟಾಟಿನ್ 20 ಅಂತ ಸ್ಟಾಟಿನ್ ಜಾತಿಯ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಾ ಇದ್ದಾರೆ. ನಾನು ಮಂಗಳೂರಲ್ಲಿ ಕಂಕನಾಡಿ ಹತ್ರ ಮೆಡಿಕಲ್ ಶಾಪಲ್ಲಿ ಫಾರ್ಮಸಿಸ್ಟ್, ಇದೇ ಪ್ರಶ್ನೆ ವಾರಕ್ಕೆ ಎರಡು ಸಲ ಆದ್ರೂ ಕೌಂಟರಿಗೆ ಬರ್ತದೆ.

ಮೊದ್ಲು ಆ ರಿಪೋರ್ಟ್ ನೋಡುವ. ಎಲ್‌ಡಿಎಲ್ ಎದುರಿಗೆ 100ರ ಒಳಗೆ ಅಂತ ಪ್ರಿಂಟ್ ಆಗಿರ್ತದಲ್ಲ, ಅದು ಊರಿನವರಿಗೆಲ್ಲ ಹಾಕುವ ಲೆಕ್ಕ, ಅಟ್ಯಾಕ್ ಆದವರಿಗೆ ಅಲ್ಲ. ಅಟ್ಯಾಕ್ ಆದವರಿಗೆ ಈಗ ಹಾರ್ಟ್ ಡಾಕ್ಟ್ರುಗಳು ಇಡುವ ಗುರಿ 55ರ ಒಳಗೆ, ಜೊತೆಗೆ ಮಾತ್ರೆ ಶುರು ಮಾಡುವ ಮುಂಚೆ ಎಷ್ಟಿತ್ತೋ ಅದರ ಅರ್ಧಕ್ಕಾದ್ರೂ ಇಳಿಬೇಕು. ಎರಡು ವರ್ಷದೊಳಗೆ ಎರಡನೇ ಸಲ ತೊಂದರೆ ಆದವರಿಗೆ 40ರ ಒಳಗೆ ತರ್ಲಿಕ್ಕೆ ನೋಡ್ತಾರೆ. ಹಾಗಾಗಿ 92 ಅಂದ್ರೆ ಅಪ್ಪ ಇನ್ನೂ ಅರ್ಧ ದಾರಿಯಲ್ಲಿದ್ದಾರೆ ಅಂತ, ಮತ್ತೆ ಆ 92 ಬಂದದ್ದೇ ಮಾತ್ರೆಯಿಂದ, ಬಿಟ್ರೆ ಕೆಲವೇ ವಾರದಲ್ಲಿ ಹಳೇ ಜಾಗಕ್ಕೆ ಹೋಗಿ ನಿಲ್ತದೆ.

ಹೋದ ತಿಂಗಳು ಬಜ್ಪೆ ಕಡೆಯ ಒಬ್ರು ಅಮ್ಮ ಗಂಡನ ಮಾತ್ರೆ ಕವರ್ ತಂದು ಕೌಂಟರ್ ಮೇಲೆ ಸುರಿದ್ರು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಆಸ್ಪಿರಿನ್ ಸ್ಟ್ರಿಪ್ ಖಾಲಿ, ಕ್ಲೋಪಿಡೋಗ್ರೆಲ್ ಖಾಲಿ, ಕೊಲೆಸ್ಟ್ರಾಲಿನ ಸ್ಟ್ರಿಪ್ ಮಾತ್ರ ನಾಲ್ಕಕ್ಕೆ ನಾಲ್ಕೂ ಒಂದು ಗುಳ್ಳೆ ಒಡೀದೆ ಹಾಗೇ ಉಂಟು. ಕೇಳಿದ್ರೆ, ಅವರು ಎಣ್ಣೆದು ಮಾಂಸದ್ದು ಎಲ್ಲ ಬಿಟ್ಟಿದ್ದಾರಲ್ಲ, ಇದು ಇನ್ನೆಂತಕ್ಕೆ ಅಂದ್ರು. ನನಗೆ ಎದೆ ಧಸಕ್ ಅಂತು. ಯಾಕಂದ್ರೆ ರಕ್ತದಲ್ಲಿರುವ ಕೊಲೆಸ್ಟ್ರಾಲಲ್ಲಿ ಹೆಚ್ಚಿನದ್ದು ತಟ್ಟೆಯಿಂದ ಬರುದಲ್ಲ, ನಮ್ಮ ಲಿವರೇ ಮಾಡುದು. ಸ್ಟಾಟಿನ್ ಲಿವರಲ್ಲಿ ಆ ತಯಾರಿಯನ್ನ ತಡೀತದೆ, ಆಗ ಲಿವರಿಗೆ ಬೇಕಾದದ್ದು ಸಾಲದೆ ರಕ್ತದಿಂದ ಎಲ್‌ಡಿಎಲ್ ಎಳ್ಕೊಳ್ತದೆ, ರಕ್ತನಾಳದ ಗೋಡೆಯಲ್ಲಿ ಕೂತ ಜಿಡ್ಡೂ ಸುಲಭಕ್ಕೆ ಒಡೀದ ಹಾಗೆ ಗಟ್ಟಿ ಆಗ್ತದೆ. ಸ್ಟೆಂಟ್ ಸರಿ ಮಾಡಿದ್ದು ಒಂದು ಜಾಗ ಮಾತ್ರ, ಜಿಡ್ಡು ಉಳಿದ ನಾಳಗಳಲ್ಲೂ ಇರ್ತದೆ. 1994ರಲ್ಲೇ ಹೊರಬಂದ ಒಂದು ಅಧ್ಯಯನ ಉಂಟು, ನಾರ್ವೆ ಸ್ವೀಡನ್ ಕಡೆಯ ದೇಶಗಳಲ್ಲಿ 4,444 ಹಾರ್ಟ್ ಪೇಷೆಂಟುಗಳಲ್ಲಿ ಅರ್ಧ ಜನಕ್ಕೆ ಸಿಮ್ವಾಸ್ಟಾಟಿನ್ ಅನ್ನುವ ಸ್ಟಾಟಿನ್, ಉಳಿದವರಿಗೆ ಔಷಧ ಇಲ್ಲದ ಮಾತ್ರೆ ಕೊಟ್ಟು ಐದು ವರ್ಷದ ಮೇಲೆ ನೋಡಿದ್ರು, ಸ್ಟಾಟಿನ್ ತಗೊಂಡವರಲ್ಲಿ ಸಾವು 30 ಪರ್ಸೆಂಟ್ ಕಮ್ಮಿ ಆಗಿತ್ತು.

ಹಾಗಾದ್ರೆ ಈಗ ಎಂತ ಮಾಡುದು? ಡಾಕ್ಟ್ರ ಹತ್ರ ಹೋಗಿ 55ಕ್ಕೆ ಇಳಿಸ್ಲಿಕ್ಕೆ ಏನು ಮಾಡ್ಬಹುದು ಅಂತ ನೇರ ಕೇಳಿ. 20 ದೊಡ್ಡ ಡೋಸ್ ಅಲ್ಲ, ಅಟ್ಯಾಕ್ ಆದವರಿಗೆ ಸಾಮಾನ್ಯ 40 ಇಲ್ಲ 80 ಕೊಡ್ತಾರೆ. ಆದ್ರೆ ಡೋಸ್ ಡಬಲ್ ಮಾಡಿದ್ರೆ ಎಲ್‌ಡಿಎಲ್ ಇನ್ನೊಂದು 6 ಪರ್ಸೆಂಟ್ ಅಷ್ಟೇ ಇಳಿಯುದು, ಅದಕ್ಕೇ ಜೊತೆಗೆ ಎಜೆಟಿಮೈಬ್ 10 ಅಂತ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸ್ತಾರೆ, ಅದರಿಂದ 20 ಪರ್ಸೆಂಟ್ ಹತ್ರ ಇಳಿತದೆ. ಅದೂ ಸಾಲದಿದ್ರೆ ಇಂಜೆಕ್ಷನ್ ಉಂಟು, ರೇಟ್ ಜಾಸ್ತಿ. ಬದಲಾಯಿಸಿ 4ರಿಂದ 6 ವಾರಕ್ಕೆ ಇನ್ನೊಂದು ಟೆಸ್ಟ್.

ಸ್ಟಾಟಿನಿಂದ ಕೈಕಾಲು ನೋವು ಅಂತ ಮಾತ್ರೆಯನ್ನ ಬ್ಲೇಡಲ್ಲಿ ಅರ್ಧ ಮಾಡಿ ತಿನ್ನುವವರೂ ಇದ್ದಾರೆ. ನೋವು ಇದ್ರೆ ಮುಚ್ಚಿಡ್ಬೇಡಿ, ಥೈರಾಯ್ಡ್ ಕಮ್ಮಿ ಇದ್ರೂ ಹೀಗಾಗ್ತದೆ, ಬೇರೆ ಸ್ಟಾಟಿನಿಗೆ ಬದಲಿಸ್ಲಿಕ್ಕೂ ಆಗ್ತದೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ಬಂದ್ರೆ ಮಾತ್ರ ಅವತ್ತೇ ಓಡಿ.

ಊಟದ ವಿಷಯ ಮಾತಾಡದಿದ್ರೆ ನಮ್ಮೂರಲ್ಲಿ ಉತ್ತರ ಪೂರ್ತಿ ಆಗುದಿಲ್ಲ. ತೆಂಗಿನೆಣ್ಣೆಯಲ್ಲಿ ನೂರಕ್ಕೆ 80ರ ಮೇಲೆ ಸ್ಯಾಚುರೇಟೆಡ್ ಕೊಬ್ಬು, ಅದು ಎಲ್‌ಡಿಎಲ್ ಏರಿಸ್ತದೆ. ಅಜ್ಜ ಅದನ್ನೇ ತಿಂದು 90 ಬದುಕಿದ್ರು ಅಂತಾರೆ, ಆದ್ರೆ ಅಜ್ಜನಿಗೆ ಸ್ಟೆಂಟ್ ಇರ್ಲಿಲ್ಲ. ಮೀನು ಬಿಡುದು ಬೇಡವೇ ಬೇಡ, ಬಂಗುಡೆ ಬೂತಾಯಿ ಒಳ್ಳೇದು, ಪುಳಿಮುಂಚಿ ಮಾಡಿ ಉಣ್ಲಿ, ತೆಂಗಿನ ಹಾಲು ದಪ್ಪಕ್ಕೆ ಹಾಕಿದ ಗಸಿಯೂ ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಿದ ಅಂಜಲೂ ಅಪರೂಪಕ್ಕೆ ಇರ್ಲಿ. ಜೂನ್ ಜುಲೈ ಬೋಟ್ ಬಂದ್ ಇರುವಾಗ ಒಣಮೀನಿನ ಮೇಲೆ ಬೀಳ್ತೇವಲ್ಲ, ಅದರ ಉಪ್ಪು ಬಿಪಿಗೆ ಕೆಟ್ಟದ್ದು. ಗೋಳಿಬಜೆ, ಬನ್ಸ್ ದಿನಾ ಬೇಡ. ಇಷ್ಟು ಕಟ್ಟುನಿಟ್ಟು ಮಾಡಿದ್ರೂ ಎಲ್‌ಡಿಎಲ್ 10-15 ಪರ್ಸೆಂಟ್ ಇಳಿದ್ರೆ ಹೆಚ್ಚು, ಹಾಗಾಗಿ ಪಥ್ಯ ಮಾತ್ರೆಯ ಜೊತೆಗೆ, ಬದಲಿಗೆ ಅಲ್ಲ. ಬೀಡಿ ಸಿಗರೇಟ್ ಇದ್ರೆ ಅದು ಇವತ್ತೇ ನಿಲ್ಬೇಕು.

ಇನ್ನೊಂದು, ನೀವು ಕೇಳದ್ದು. ಗಂಡಸರಿಗೆ 55ರ ಒಳಗೆ ಅಟ್ಯಾಕ್ ಆದ್ರೆ ಅದನ್ನ ಬೇಗ ಬಂದದ್ದು ಅಂತ ಲೆಕ್ಕ ಹಾಕ್ತಾರೆ, ಮನೆತನದಲ್ಲೇ ಕೊಲೆಸ್ಟ್ರಾಲ್ ಜಾಸ್ತಿ ಇರ್ಲಿಕ್ಕೂ ಸಾಕು. ನೀವೂ, ತಮ್ಮ ತಂಗಿ ಇದ್ರೆ ಅವರೂ, ಅಪ್ಪನ ಒಡಹುಟ್ಟಿದವರೂ ಕೊಲೆಸ್ಟ್ರಾಲ್ ನೋಡುವ ಒಂದು ಲಿಪಿಡ್ ಟೆಸ್ಟ್ ಮಾಡಿಸಿ, ಅಪ್ಪನ ಮುಂದಿನ ಟೆಸ್ಟ್ ದಿನವೇ ಒಟ್ಟಿಗೆ ಹೋದ್ರೂ ಆಯ್ತು.