ಇಲಿಗೆ ಏನೂ ಆಗ್ಲಿಲ್ಲ ಅಂದ್ರೆ ಆ ಕಷಾಯ ನಮಗೂ ಸೇಫಾ?

ತುಂಬಾ ಜನ ಕೇಳೋ ಪ್ರಶ್ನೆ ಇದು: "ಅಮೃತಬಳ್ಳಿ ಎಕ್ಸ್‌ಟ್ರಾಕ್ಟನ್ನ ಇಲಿಗೆ ಅದರ ತೂಕದ ಕೆಜಿಗೆ 2000 ಮಿಲಿಗ್ರಾಂ ಕೊಟ್ರೂ ಒಂದೂ ಸತ್ತಿಲ್ವಂತೆ, ಹಾಗಾದ್ರೆ ಅಮ್ಮ ದಿನಾ ಬೆಳಿಗ್ಗೆ ಕಷಾಯ ಕುಡಿದ್ರೆ ತೊಂದ್ರೆ ಇಲ್ಲ ಅಲ್ವಾ?"

ಅದೊಂದನ್ನೇ ನಂಬ್ಕೊಂಡು ಕುಡೀಬೇಡಿ. ಯಾಕೆ ಅಂದ್ರೆ ಆ 2000ದ ಟೆಸ್ಟಲ್ಲಿ ಡೋಸ್ ಕೊಡೋದು ಒಂದೇ ಒಂದು ಸಲ. ಒಇಸಿಡಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಇಂಥ ಟೆಸ್ಟಿಗೆ ಮಾಡಿರೋ ಗೈಡ್‌ಲೈನ್ 423 ಪ್ರಕಾರ ಒಂದು ಹಂತಕ್ಕೆ 3 ಇಲಿ, ಸಾಮಾನ್ಯವಾಗಿ ಹೆಣ್ಣಿಲಿ, ರಾತ್ರಿ ಊಟ ಇಲ್ದೆ ಇಟ್ಟು ಬೆಳಿಗ್ಗೆ ತೂಕ ನೋಡಿ, ತುದೀಲಿ ಸಣ್ಣ ಗುಂಡು ಇರೋ ಉದ್ದದ ಸೂಜೀನ ಬಾಯಿಂದ ಇಳಿಸಿ ಔಷಧೀನ ಸೀದಾ ಹೊಟ್ಟೆಗೇ ಬಿಡ್ತಾರೆ. ಮೊದಲ ಅರ್ಧ ಗಂಟೆಲಿ ನೋಡ್ತಾರೆ, ಆಮೇಲೆ ಮೊದಲ 4 ಗಂಟೆ ವಿಶೇಷವಾಗಿ ಗಮನ ಇಡ್ತಾರೆ, ಆಮೇಲೆ 14 ದಿನ ದಿನಾ ನೋಡ್ತಾರೆ: ನಡುಕ ಇದ್ಯಾ, ಜೊಲ್ಲು ಸುರಿಸ್ತಿದ್ಯಾ, ಭೇದಿ ಆಗ್ತಿದ್ಯಾ, ಮಂಕಾಗಿ ಮೂಲೆ ಸೇರಿದ್ಯಾ, ತೂಕ ಇಳೀತಿದ್ಯಾ. ಅರ್ಧದಷ್ಟು ಪ್ರಾಣಿ ಸಾಯೋ ಡೋಸ್ ಎಷ್ಟು ಅಂತ ಹುಡುಕೋ ಹಳೇ ಎಲ್‌ಡಿ50 ಟೆಸ್ಟಿಗೆ ಇದಕ್ಕಿಂತ ತುಂಬಾ ಜಾಸ್ತಿ ಪ್ರಾಣಿಗಳು ಸಾಯ್ತಿದ್ವು, ಆ ಹಳೇ ಟೆಸ್ಟಿನ ಗೈಡ್‌ಲೈನ್ 2002ರಲ್ಲಿ ತೆಗೆದುಹಾಕಿದ್ದು ನನಗಂತೂ ದೊಡ್ಡ ಸಮಾಧಾನ.

ಆದ್ರೆ ಅಮ್ಮ ಕುಡಿಯೋದು ದಿನಾ, ತಿಂಗಳುಗಟ್ಟಲೆ. ಅದಕ್ಕೆ ಉತ್ತರ ಹುಡುಕಬೇಕಿರೋದು 28 ದಿನ, 90 ದಿನದ ಟೆಸ್ಟಲ್ಲಿ. ಅಲ್ಲಿ ರಕ್ತದಲ್ಲಿ ಎಎಲ್‌ಟಿ (ಲಿವರ್ ಹೇಗಿದೆ ಅಂತ ಹೇಳೋದು), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋದು) ನೋಡಿ, ಕೊನೆಗೆ ಲಿವರ್ರು ಕಿಡ್ನೀನ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ.

ಈ ವ್ಯತ್ಯಾಸ ಎಷ್ಟು ಮುಖ್ಯ ಅನ್ನೋಕೆ ಅರಿಸ್ಟೊಲೋಕಿಕ್ ಆಸಿಡ್ ಅನ್ನೋ ಗಿಡದ ವಿಷ ನೋಡಿ, ನಮ್ಮ ಈಶ್ವರಿ ಬಳ್ಳೀಲೂ ಇರೋದೇ ಅದು. ಇಲಿಗಳಿಗೆ 3 ತಿಂಗಳು ದಿನಾ ಕೊಟ್ಟಾಗ ಹೊಟ್ಟೇಲಿ ಗಡ್ಡೆ ಬಂತು ಅಂತ 1980ರ ದಶಕದ ಶುರುವಲ್ಲೇ ಗೊತ್ತಾಗಿತ್ತು, ಜರ್ಮನಿಯಲ್ಲಿ ಅದಿದ್ದ ಔಷಧಿ ವಾಪಸ್ ತಗೊಂಡ್ರು. ಹತ್ತು ವರ್ಷ ಆದ್ಮೇಲೆ ಬೆಲ್ಜಿಯಂನಲ್ಲಿ ತೂಕ ಇಳಿಸೋ ಮಾತ್ರೇಲಿ ಒಂದು ಗಿಡಮೂಲಿಕೆ ಬದ್ಲು ಈಶ್ವರಿ ಬಳ್ಳಿ ಜಾತಿಯ ಇನ್ನೊಂದು ಗಿಡ ಸೇರ್ಕೊಂಡು ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯ್ತು. ಇಲಿಗಳು ಪ್ರಾಣ ಕೊಟ್ಟು ಹೇಳಿದ್ದ ಮಾತು ಅದು, ಕೇಳಿಸ್ಕೊಳ್ಳಲಿಲ್ಲ ಅನ್ನೋದು ನೆನೆದ್ರೆ ಈಗ್ಲೂ ಸಂಕಟ ಆಗುತ್ತೆ.

ಹಾಗಂತ ಇಲಿ ಎಲ್ಲಾನೂ ಹೇಳಲ್ಲ. ಕೊರೊನಾ ಟೈಮಲ್ಲಿ ಅಮೃತಬಳ್ಳಿ ತಗೊಂಡ ಕೆಲವರಿಗೆ ಲಿವರ್ ಕೆಟ್ಟಿದ್ದನ್ನ ಮುಂಬೈ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದ್ರು. ಅದು ಅಮೃತಬಳ್ಳೀನೇನಾ, ಅದೇ ಥರದ ಬೇರೆ ಬಳ್ಳಿ ಇರಬಹುದಲ್ಲಾ ಅಂತ ಆಯುಷ್ ಸಚಿವಾಲಯ ತಕರಾರು ತೆಗೀತು. ಆ ರೋಗಿಗಳ ಲಿವರಲ್ಲಿ ಕಂಡಿದ್ದು ದೇಹದ ರೋಗನಿರೋಧಕ ಶಕ್ತೀನೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣ. ಲ್ಯಾಬಿನ ಇಲಿ ಎಳೇ ವಯಸ್ಸಿನ, ಆರೋಗ್ಯವಾಗಿರೋ ಪ್ರಾಣಿ, ಅದಕ್ಕೆ ನಮ್ಮ ಥರ ಥೈರಾಯ್ಡು ಶುಗರ್ರು ಜೊತೆಗೆ ನಾಲ್ಕು ಮಾತ್ರೆ ಇರಲ್ಲ.

ಅಮ್ಮ ಈಗಾಗ್ಲೇ ಕುಡೀತಿದ್ರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಒಂದು ಎಲ್‌ಎಫ್‌ಟಿ (ಲಿವರ್ ಸರಿ ಇದ್ಯಾ ಅಂತ ನೋಡೋ ರಕ್ತ ಪರೀಕ್ಷೆ) ಮಾಡಿಸಿ. ಮೂತ್ರ ಕಡು ಹಳದಿ ಆದ್ರೆ, ಊಟ ಸೇರದೆ ಹೋದ್ರೆ, ಕಣ್ಣು ಹಳದಿ ಕಂಡ್ರೆ ಅವತ್ತೇ ಕಷಾಯ ನಿಲ್ಲಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹೋಗುವಾಗ ಆ ಬಳ್ಳಿ ತುಂಡೋ ಪುಡಿ ಪ್ಯಾಕೆಟ್ಟೋ ಕೈಲಿ ಹಿಡ್ಕೊಂಡೇ ಹೋಗಿ.